ಟೆಕ್ಸಸ್‌ನ ಚಳಿಗಾಲದ ಟೊರ್ನಾಡೊ: ಊರಿಂದ ಬಂದ ಅಪ್ಪ-ಅಮ್ಮನಿಗೂ ತಿಳಿಯುವಂಥ ತಯಾರಿ

ಸೈರನ್ ಕೂಗಿದಾಗ ಅಮ್ಮ ಬಾಲ್ಕನಿಗೆ ಬಂದು ನಿಂತಿದ್ದಳು. ನಾನು ಆಫೀಸಿನಿಂದ ಫೋನ್ ಮೇಲೆ ಫೋನ್ ಮಾಡುತ್ತಿದ್ದೆ. ಅವಳ ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಐದನೇ ಸಲಕ್ಕೆ ಎತ್ತಿ, "ಇಲ್ಲೂ ಮಿಲ್ ಇದೆಯೇನೋ? ಶಿಫ್ಟ್ ಬಿಟ್ಟಂಗೆ ಕೂಗ್ತಾ ಇದೆ ನೋಡು" ಅಂದಳು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು. ಕಾಟನ್ ಮಿಲ್ಲಿನ ಸೈರನ್ ಕೇಳಿ ಅನ್ನಕ್ಕಿಟ್ಟವಳು, ಸೈರನ್ ಕೇಳಿ ಬಾಗಿಲಿಗೆ ಬಂದು ದಾರಿ ನೋಡಿದವಳು. ಅವಳ ಮಟ್ಟಿಗೆ ಅದು ಯಾರೋ ಮನೆಗೆ ಬರುವ ಹೊತ್ತು. ಡಲ್ಲಾಸ್ ಸುತ್ತಿನ ಊರುಗಳಲ್ಲಿ ಅದೇ ಕೂಗಿಗೆ ಅರ್ಥ ತಿರುವುಮುರುವು: ಹೊರಗಿದ್ದರೆ ಒಳಗೆ ಓಡು.

ಅವತ್ತು ಟೊರ್ನಾಡೊ ನಮ್ಮ ಕಡೆ ಬರಲಿಲ್ಲ. ಆದರೆ ಆ ಹತ್ತು ನಿಮಿಷದಲ್ಲಿ ನನ್ನ ತಯಾರಿಯ ತಪ್ಪು ಕಣ್ಣಿಗೆ ಹೊಡೆಯಿತು. ಟಾರ್ಚು, ಬ್ಯಾಟರಿ, ನೀರಿನ ಬಾಟಲಿ ಎಲ್ಲ ತಂದಿಟ್ಟಿದ್ದೆ. ಅವು ಎಲ್ಲಿವೆ ಎಂದು ಗೊತ್ತಿದ್ದದ್ದು ನನಗೊಬ್ಬನಿಗೇ. ಹಗಲೆಲ್ಲ ಮನೆಯಲ್ಲಿ ಇರುವವಳು ಅಮ್ಮ. ನಮ್ಮಂಥ ನೂರಾರು ಮನೆಗಳಲ್ಲಿ ಇದೇ ಸ್ಥಿತಿ. ಮಗ-ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ, ಆರು ತಿಂಗಳಿಗೆಂದು ಊರಿಂದ ಬಂದ ಹಿರಿಯರು ಮನೆಯಲ್ಲಿ. ಹಾಗಾಗಿ ಮನೆಯಲ್ಲಿ ಒಬ್ಬರೇ ಉಳಿಯುವವರನ್ನು ಎದುರಿಗೆ ಕೂರಿಸಿಕೊಂಡೇ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ.

ಮೊದಲು, ಇದು ಎಂಥ ಗಾಳಿ ಎಂದು ಮನೆಯವರಿಗೆ ಹೇಳಿ

"ಸುಂಟರಗಾಳಿ" ಎಂದು ಹೇಳಿದರೆ ನಮ್ಮ ಹಿರಿಯರ ಕಣ್ಣಿಗೆ ಬರುವುದು ಬಯಲುಸೀಮೆಯ ಬೇಸಿಗೆಯಲ್ಲಿ ಕಣದ ದೂಳು, ತರಗೆಲೆ ಎತ್ತಿಕೊಂಡು ಸುತ್ತುವ ಸುಳಿಗಾಳಿ. ಸೆರಗಿನಿಂದ ಕಣ್ಣು ಮುಚ್ಚಿಕೊಂಡು ನಿಂತರೆ ಅದು ದಾಟಿ ಹೋಗುತ್ತದೆ. ಅದಕ್ಕೇ ನಾನು ಮನೆಯಲ್ಲಿ ಬೇಕೆಂದೇ ಟೊರ್ನಾಡೊ ಎಂಬ ಮಾತನ್ನೇ ಬಳಸುತ್ತೇನೆ. ಇದು ಗುಡುಗುಮೋಡದಿಂದ ನೆಲಕ್ಕಿಳಿದು ಮನೆಗಳನ್ನೇ ಕೆಡವುವ ಸುಳಿ. ಅದು ಬೇರೆ, ಇದು ಬೇರೆ ಎಂದು ಮೊದಲು ಮನಸ್ಸಿಗೆ ಹೋಗಬೇಕು.

2015ರ ಡಿಸೆಂಬರ್ 26, ಕ್ರಿಸ್‌ಮಸ್‌ನ ಮರುದಿನ, ಶನಿವಾರ. ಕತ್ತಲಾಗಿ ಒಂದು ಗಂಟೆ ಕಳೆದಿರಬಹುದು, ಆರೂಮುಕ್ಕಾಲರ ಹೊತ್ತಿಗೆ ಡಲ್ಲಾಸ್‌ನ ಪೂರ್ವಕ್ಕಿರುವ ಸನ್ನಿವೇಲ್, ಗಾರ್ಲಂಡ್, ರೌಲೆಟ್ ಊರುಗಳ ಮೇಲೆ ಇಎಫ್-4 ದರ್ಜೆಯ (ಟೊರ್ನಾಡೊ ಬಲದ ಅಳತೆಯಲ್ಲಿ 5 ಎಲ್ಲಕ್ಕಿಂತ ಮೇಲಿನದು) ಟೊರ್ನಾಡೊ ಹಾದುಹೋಯಿತು. ಗಾಳಿಯ ವೇಗ ಗಂಟೆಗೆ ಸುಮಾರು 180 ಮೈಲಿ, ಅಂದರೆ 290 ಕಿಲೋಮೀಟರ್. 10 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಇಂಟರ್‌ಸ್ಟೇಟ್ 30 ಮತ್ತು ಜಾರ್ಜ್ ಬುಷ್ ಟರ್ನ್‌ಪೈಕ್ ಕೂಡುವಲ್ಲಿ ವಾಹನಗಳಲ್ಲಿದ್ದವರು. ಅದೇ ಹೊತ್ತಿಗೆ ಅದೇ ಹವಾಮಾನ ವ್ಯವಸ್ಥೆಯ ಇನ್ನೊಂದು ಮಗ್ಗುಲಲ್ಲಿ, ಟೆಕ್ಸಸ್‌ನ ಪಶ್ಚಿಮಕ್ಕೂ ನ್ಯೂ ಮೆಕ್ಸಿಕೊದ ಪೂರ್ವಕ್ಕೂ ಹಿಮದ ಬಿರುಗಾಳಿ ಬೀಸುತ್ತಿತ್ತು. ಆ ಹಿಮದಲ್ಲಿ 30,000ಕ್ಕೂ ಹೆಚ್ಚು ಹಾಲಿನ ಹಸುಗಳು ಸತ್ತವೆಂದು ಅಂದಾಜಾಯಿತು. ಒಂದೇ ರಾಜ್ಯ, ಒಂದೇ ವಾರಾಂತ್ಯ. ಒಂದು ತುದಿಯಲ್ಲಿ ಬೇಸಿಗೆಯಂಥ ಸೆಕೆ ಮತ್ತು ಟೊರ್ನಾಡೊ, ಇನ್ನೊಂದು ತುದಿಯಲ್ಲಿ ಹಿಮದಲ್ಲಿ ಹೂತುಹೋದ ಕೊಟ್ಟಿಗೆ.

ಇದು ಹೇಗೆ ಆಗುತ್ತದೆ ಎಂದರೆ, ಪಶ್ಚಿಮದಿಂದ ವಾಯುಭಾರ ಕುಸಿತವೊಂದು ಬರುತ್ತದೆ. ಅದರ ಮುಂದುಗಡೆ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿ ಉತ್ತರಕ್ಕೆ ಎಳೆದುಕೊಳ್ಳುತ್ತದೆ, ಹಿಂದುಗಡೆ ಕೆನಡಾ ಕಡೆಯ ಕೊರೆಯುವ ಗಾಳಿ ದಕ್ಷಿಣಕ್ಕೆ ಇಳಿಯುತ್ತದೆ. ಎರಡೂ ಕೂಡುವ ಅಂಚಿನ ಮುಂದೆ ಗುಡುಗುಮಳೆ, ಟೊರ್ನಾಡೊ. ಹಿಂದೆ ಹಿಮ ಮತ್ತು ಐಸ್. ಬೇಸಿಗೆಗಿಂತ ಚಳಿಗಾಲದಲ್ಲಿ ಆಕಾಶದಲ್ಲಿ ಬಲು ಎತ್ತರಕ್ಕೆ ಬೀಸುವ ಜೆಟ್ ಗಾಳಿ ಜೋರಾಗಿರುವುದರಿಂದ ಈ ಬಿರುಗಾಳಿಗಳು ವೇಗವಾಗಿ ಓಡುತ್ತವೆ. ಹೊತ್ತು ಬೇಗ ಮುಳುಗುವುದರಿಂದ ಕಣ್ಣಿಗೂ ಬೀಳುವುದಿಲ್ಲ. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಊರನ್ನು ಕೆಡವಿದ ಟೊರ್ನಾಡೊ ನೆಲಬಿಡದೆ 165 ಮೈಲಿ ಓಡಿತು, 57 ಜನ ತೀರಿಕೊಂಡರು. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ದಾವಣಗೆರೆಗಿರುವಷ್ಟು ದೂರ.

ಡಿಸೆಂಬರ್, ಜನವರಿಯಲ್ಲಿ ಇದ್ದಕ್ಕಿದ್ದಂತೆ ಸೆಕೆಯಾಗಿ, ದಕ್ಷಿಣದಿಂದ ಜಿಗುಟು ಗಾಳಿ ಬೀಸತೊಡಗಿದರೆ ಅಮ್ಮ "ಇವತ್ತು ಹವಾ ಚೆನ್ನಾಗಿದೆ, ವಾಕಿಂಗ್ ಹೋಗೋಣ" ಅನ್ನುತ್ತಾಳೆ. ನಾನು ಅವತ್ತು ಮೊದಲು ಮುನ್ಸೂಚನೆ ನೋಡುತ್ತೇನೆ.

ಎರಡು-ಮೂರು ದಿನ ಮುಂಚೆ: ಎರಡು ಮಾತುಗಳ ವ್ಯತ್ಯಾಸ

ಒಕ್ಲಹೋಮಾದ ನಾರ್ಮನ್‌ನಲ್ಲಿ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಇದೆ. ದಿನವೂ ಇಡೀ ದೇಶದ ನಕ್ಷೆಗೆ ಬಣ್ಣ ಹಾಕಿ ಕೊಡುತ್ತದೆ. ಐದು ಮೆಟ್ಟಿಲು: ಮಾರ್ಜಿನಲ್, ಸ್ಲೈಟ್, ಎನ್‌ಹ್ಯಾನ್ಸ್ಡ್, ಮಾಡರೇಟ್, ಹೈ. "ಮಾಡರೇಟ್" ಎಂಬ ಹೆಸರು ನೋಡಿ ಸಾಧಾರಣ ಎಂದು ತಿಳಿಯಬೇಡಿ. ಅದು ಐದರಲ್ಲಿ ನಾಲ್ಕನೆಯದು, ಕೆಂಪು ಬಣ್ಣದ್ದು. ನಮ್ಮ ಊರು ಕಿತ್ತಳೆ ಬಣ್ಣದ ಎನ್‌ಹ್ಯಾನ್ಸ್ಡ್‌ಗೆ ಬಂದರೆ ಆ ದಿನ ಮನೆಯಿಂದ ಕೆಲಸ ಮಾಡಲು ಕೇಳಿಕೊಳ್ಳುವುದು ನನ್ನ ಪದ್ಧತಿ.

ಆಮೇಲೆ ವಾಚ್ ಮತ್ತು ವಾರ್ನಿಂಗ್. ಈ ಎರಡನ್ನು ಕಲಸಿಕೊಂಡು ಕೈಸುಟ್ಟುಕೊಂಡವರು ಬಹಳ. ಅಮ್ಮನಿಗೆ ನಾನು ಹೇಳಿದ್ದು ಹೀಗೆ: "ಮಾಳಿಗೆ ಮೇಲೆ ಸಂಡಿಗೆ ಇಟ್ಟಿದ್ದೀಯ, ಮೋಡ ಕವೀತು, ಆಗ ಏನು ಮಾಡ್ತೀಯ? ಕೆಳಗೆ ಕೂತಿದ್ರೂ ಕಿವಿ ಮೇಲೇ ಇರುತ್ತೆ. ಅದು ವಾಚ್. ಹನಿ ಬಿತ್ತು ಅಂದ್ರೆ ಓಡ್ತೀಯಲ್ಲ, ಅದು ವಾರ್ನಿಂಗ್. ಆದ್ರೆ ಇಲ್ಲಿ ಸಂಡಿಗೆ ಎತ್ತೋಕೆ ಮೇಲೆ ಓಡಬಾರದು, ಒಳಗೆ ಓಡಬೇಕು." ವಾಚ್ ಕೆಲವು ಗಂಟೆಗಳದ್ದು, ಹತ್ತಾರು ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥ ಭಾಗಗಳಿಗೆ) ಒಟ್ಟಿಗೆ ಕೊಡುವಂಥದ್ದು. ವಾರ್ನಿಂಗನ್ನು ಆಯಾ ಭಾಗದ ನ್ಯಾಷನಲ್ ವೆದರ್ ಸರ್ವಿಸ್ ಕಚೇರಿ ಕೊಡುತ್ತದೆ, ಡಲ್ಲಾಸ್ ಸುತ್ತಿಗೆ ಫೋರ್ಟ್ ವರ್ತ್ ಕಚೇರಿ. ರೇಡಾರ್‌ನಲ್ಲಿ ಸುತ್ತು ಕಂಡಿದೆ, ಇಲ್ಲವೇ ಯಾರೋ ಕಣ್ಣಾರೆ ನೋಡಿದ್ದಾರೆ ಎಂದರ್ಥ. ಆಮೇಲೆ ಕೈಯಲ್ಲಿರುವುದು ಹತ್ತು ನಿಮಿಷದ ಆಸುಪಾಸು, ಕೆಲವೊಮ್ಮೆ ಅದೂ ಇಲ್ಲ. "ಟೊರ್ನಾಡೊ ಎಮರ್ಜೆನ್ಸಿ" ಎಂಬ ಮಾತು ಬಂದರೆ, ದೊಡ್ಡದೊಂದು ಜನವಸತಿಯ ಮೇಲೇ ಬರುತ್ತಿದೆ ಎಂದು ತಿಳಿಯಿರಿ.

ಜಾಗ ಗೊತ್ತುಮಾಡುವುದು

ಎಲ್ಲದಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಮಿಕ್ಕದ್ದೆಲ್ಲ ಅರ್ಧಂಬರ್ಧ ಆದರೂ ನಡೆದೀತು.

ಉತ್ತರ ಟೆಕ್ಸಸ್‌ನ ಮನೆಗಳಿಗೆ ನೆಲಮಾಳಿಗೆ ಇರುವುದು ಬಲು ಅಪರೂಪ. ಆದ್ದರಿಂದ ಲೆಕ್ಕ ಹೀಗೆ: ಎಲ್ಲಕ್ಕಿಂತ ಕೆಳಗಿನ ಅಂತಸ್ತು, ಮನೆಯ ನಡುಭಾಗ, ಕಿಟಕಿ ಇರಕೂಡದು, ಆದಷ್ಟು ಚಿಕ್ಕ ಕೋಣೆ. ನಿಮಗೂ ಹೊರಗಿನ ಗಾಳಿಗೂ ನಡುವೆ ಎಷ್ಟು ಗೋಡೆ ಹೆಚ್ಚೋ ಅಷ್ಟು ಒಳ್ಳೆಯದು. ಬಟ್ಟೆ ಇಡುವ ಕ್ಲಾಸೆಟ್, ಮೆಟ್ಟಿಲ ಕೆಳಗಿನ ಗೂಡು, ಕಿಟಕಿಯಿಲ್ಲದ ಬಾತ್‌ರೂಮು, ಇವೇ ನಮ್ಮ ಪಾಲಿಗೆ ಬರುವ ಜಾಗಗಳು. ಗರಾಜು ಬೇಡ. ಅದರ ಅಗಲದ ಬಾಗಿಲು ಮೊದಲು ಒಳಕ್ಕೆ ಬಾಗುತ್ತದೆ, ಗಾಳಿ ಒಳಗೆ ನುಗ್ಗಿ ಸೂರನ್ನು ಕೆಳಗಿನಿಂದ ಎತ್ತುತ್ತದೆ. ಬಿರುಗಾಳಿಯ ಮುನ್ಸೂಚನೆ ಇದ್ದ ದಿನ ಗರಾಜಿನ ಬಾಗಿಲು ಪೂರ್ತಿ ಮುಚ್ಚಿರಲಿ, ಒಳಕೋಣೆಗಳ ಬಾಗಿಲೂ ಮುಚ್ಚಿರಲಿ. ಒತ್ತಡ ಸಮ ಮಾಡಲು ಕಿಟಕಿ ತೆರೆಯಬೇಕೆಂದು ಹಳಬರು ಕೆಲವರು ಈಗಲೂ ಹೇಳುತ್ತಾರೆ. ಅದು ತಪ್ಪು. ಕಿಟಕಿಯ ಹತ್ತಿರ ಹೋಗುವುದೇ ಅಪಾಯ.

ಅಪಾರ್ಟ್‌ಮೆಂಟಿನ ಎರಡನೇ, ಮೂರನೇ ಅಂತಸ್ತಿನವರ ಕಷ್ಟ ಬೇರೆ. ನಾವು ಮೊದಲಿದ್ದ ಕಡೆ ಮೂರನೇ ಅಂತಸ್ತು. ಟೊರ್ನಾಡೊ ಬಂದರೆ ಎಲ್ಲಿಗೆ ಹೋಗಬೇಕು ಎಂದು ಅಲ್ಲಿನ ಆಫೀಸಿನಲ್ಲಿ ಕೇಳಿದರೆ ಉತ್ತರವೇ ಇರಲಿಲ್ಲ. ಕೊನೆಗೆ ಕೆಳಗಿನ ಮನೆಯವರ ಬಾಗಿಲು ತಟ್ಟಿ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕೊಟ್ಟು ಕೇಳಿದೆವು: "ವಾರ್ನಿಂಗ್ ಬಂದರೆ ನಿಮ್ಮ ನಡುಮನೆಯ ಬಾತ್‌ರೂಮಿಗೆ ಬರಬಹುದೇ?" ಅವರು ಖುಷಿಯಿಂದ ಒಪ್ಪಿದರು. ಇಂಥ ಮಾತನ್ನು ನವೆಂಬರಿನಲ್ಲೇ ಆಡಿ ಮುಗಿಸಿ. ಸೈರನ್ ಕೂಗುವಾಗ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ. ಮೊಬೈಲ್ ಹೋಮ್‌ನಲ್ಲಿ (ಬೇರೆಡೆ ಕಟ್ಟಿ ತಂದಿಡುವ ಹಗುರ ಮನೆ) ಇರುವವರು ವಾಚ್ ಬಂದಾಗಲೇ ಗಟ್ಟಿ ಕಟ್ಟಡಕ್ಕೆ ಹೊರಡಬೇಕು. ಅಲ್ಲಿ ಒಳಕೋಣೆಯೂ ಕಾಪಾಡುವುದಿಲ್ಲ.

ಜಾಗ ಗೊತ್ತಾದ ಮೇಲೆ ಅದನ್ನು ಖಾಲಿ ಮಾಡಿ. ಇದೇ ದೊಡ್ಡ ಕೆಲಸ. ನಮ್ಮ ಕ್ಲಾಸೆಟ್‌ನಲ್ಲಿ ಊರಿಗೆ ಹೋಗಿಬರುವ ದೊಡ್ಡ ಸೂಟ್‌ಕೇಸ್ ನಾಲ್ಕು, ಗಣೇಶನ ಹಬ್ಬದ ಮಂಟಪ, ಹಳೇ ಪ್ರಿಂಟರ್. ಅಮ್ಮನಿಗೆ ನೆಲದ ಮೇಲೆ ಕೂರಲು ಮಂಡಿ ನೋವು, ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಸೂಟ್‌ಕೇಸ್ ಎತ್ತಿ ಗರಾಜಿಗೆ ಹಾಕಿ, ಅಲ್ಲೊಂದು ಗಿಡ್ಡ ಸ್ಟೂಲ್ ಇಟ್ಟೆ. ತಲೆಯ ಮೇಲಿನ ಹಲಗೆಯಿಂದ ಭಾರದ್ದನ್ನೆಲ್ಲ ಇಳಿಸಿದೆ. ಒಂದು ಬಕೆಟ್ಟಿನಲ್ಲಿ ಇವಿಷ್ಟು: ಮಕ್ಕಳ ಸೈಕಲ್ ಹೆಲ್ಮೆಟ್ಟುಗಳು, ದೊಡ್ಡವರಿಗೂ ಒಂದೊಂದು, ಪ್ರತಿಯೊಬ್ಬರ ಒಂದು ಜೊತೆ ಷೂ, ಟಾರ್ಚ್, ಸೀಟಿ, ಪವರ್ ಬ್ಯಾಂಕ್, ಒಂದು ವಾರದ ಬಿಪಿ, ಶುಗರ್ ಮಾತ್ರೆ, ನೀರು. ಷೂ ಯಾಕೆಂದರೆ, ಗಾಳಿ ನಿಂತ ಮೇಲೆ ಮನೆತುಂಬ ಒಡೆದ ಗಾಜು, ಮೊಳೆ. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಲಾಗದು. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ಜನ, ಆದ್ದರಿಂದ ನಮಗೆ ಇದು ಇನ್ನೂ ಮುಖ್ಯ. ಸೀಟಿ ಯಾಕೆಂದರೆ, ಅವಶೇಷದಡಿ ಸಿಕ್ಕಿಕೊಂಡವರ ಕೂಗು ಬೇಗ ಸೋಲುತ್ತದೆ.

ಎಚ್ಚರಿಕೆ ಕಿವಿಗೆ ಬೀಳುವ ಹಾಗೆ

ಸೈರನ್ ಒಂದನ್ನೇ ನಂಬಿ ಕೂರಬೇಡಿ. ಅದು ಹೊರಗಿರುವವರಿಗಾಗಿ ಇಟ್ಟದ್ದು. ಮುಚ್ಚಿದ ಕಿಟಕಿ, ಓಡುತ್ತಿರುವ ಹೀಟರ್, ಮೇಲೆ ಹೊದ್ದ ಕಂಬಳಿಯ ನಡುವೆ ಕೇಳುವುದಿಲ್ಲ. ರಾತ್ರಿಯ ಟೊರ್ನಾಡೊ ಹಗಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜೀವ ತೆಗೆಯುವುದಕ್ಕೆ ಇದೂ ಒಂದು ಕಾರಣ: ಜನ ನಿದ್ದೆಯಲ್ಲಿರುತ್ತಾರೆ.

ಐಫೋನಿನಲ್ಲಿ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್, ಅದರಲ್ಲಿ ತೀರಾ ಕೆಳಗೆ ಗವರ್ನಮೆಂಟ್ ಅಲರ್ಟ್ಸ್. ಎಮರ್ಜೆನ್ಸಿ ಅಲರ್ಟ್ಸ್ ಆನ್ ಇದೆಯೇ ನೋಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಎಂದು ಹಾಕಿದರೆ ಸಿಗುತ್ತದೆ. ಮಧ್ಯರಾತ್ರಿ ಒಮ್ಮೆ ಕಿರುಚಿತೆಂದು ಬೇಸರದಲ್ಲಿ ಆಫ್ ಮಾಡಿಟ್ಟವರು ನನ್ನ ಗೆಳೆಯರಲ್ಲೇ ಇದ್ದಾರೆ. ದಯವಿಟ್ಟು ಮತ್ತೆ ಆನ್ ಮಾಡಿ. ಊರಿನ ಸಿಮ್ ಇರುವ ಹಿರಿಯರ ಫೋನಿಗೂ ಸಂದೇಶ ಬಂದೇ ಬರುತ್ತದೆಂದು ಭರವಸೆ ಇಟ್ಟುಕೊಳ್ಳಬೇಡಿ. ಇಲ್ಲಿನದೊಂದು ಅಗ್ಗದ ಸಿಮ್ ಹಾಕಿಸಿ.

ನಾನು ಗಟ್ಟಿಯಾಗಿ ಹೇಳುವುದು ವೆದರ್ ರೇಡಿಯೊ ಬಗ್ಗೆ. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಇಂಟರ್‌ನೆಟ್ ಬೇಡ, ಕರೆಂಟ್ ಹೋದರೆ ಬ್ಯಾಟರಿ ಮೇಲೆ ನಡೆಯುತ್ತದೆ. ನಿಮ್ಮ ಕೌಂಟಿಯ ಆರು ಅಂಕಿಯ ಸಂಖ್ಯೆ ತುಂಬಿಸಿಟ್ಟರೆ ಆ ಕೌಂಟಿಗೆ ಎಚ್ಚರಿಕೆ ಬಂದಾಗ ಮಾತ್ರ ತಾನೇ ಎದ್ದು ಕೂಗುತ್ತದೆ. ಡಲ್ಲಾಸ್ ಕೌಂಟಿಗೆ 048113, ಕಾಲಿನ್ ಕೌಂಟಿಗೆ 048085, ಡೆಂಟನ್ ಕೌಂಟಿಗೆ 048121, ಟ್ಯಾರಂಟ್ ಕೌಂಟಿಗೆ 048439. ಪ್ಲೇನೊ, ಫ್ರಿಸ್ಕೊದಂಥ ಊರುಗಳು ಎರಡು ಕೌಂಟಿಗಳಿಗೆ ಹರಡಿಕೊಂಡಿವೆ. ನಿಮ್ಮ ವಿಳಾಸ ಯಾವುದರಲ್ಲಿದೆ ನೋಡಿ ಹಾಕಿ. ಪಕ್ಕದ, ಅದರಲ್ಲೂ ಪಶ್ಚಿಮ ಮತ್ತು ನೈಋತ್ಯದ ಕೌಂಟಿಯದನ್ನೂ ಸೇರಿಸಿದರೆ ಬರುತ್ತಿರುವುದು ಮುಂಚೆಯೇ ತಿಳಿಯುತ್ತದೆ, ಏಕೆಂದರೆ ಇವು ಹೆಚ್ಚಾಗಿ ಆ ದಿಕ್ಕಿನಿಂದಲೇ ಬರುತ್ತವೆ. ರೇಡಿಯೊ ಇರಬೇಕಾದ್ದು ಹಿರಿಯರು ಮಲಗುವ ಕೋಣೆಯಲ್ಲಿ.

ಫ್ರಿಜ್ ಮೇಲಿನ ಕಾಗದ

ಫೋನಿಗೆ ಬರುವ ಎಚ್ಚರಿಕೆ ಇಂಗ್ಲಿಷಿನಲ್ಲೋ ಸ್ಪ್ಯಾನಿಷಿನಲ್ಲೋ ಇರುತ್ತದೆ. ಅಮ್ಮನಿಗೆ ಎರಡೂ ಬಾರದು. ಹಾಗಾಗಿ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಹಾಗೇ ನಕಲು ಮಾಡಿಕೊಳ್ಳಿ:

ಅಮ್ಮ, ಸೈರನ್ ಕೂಗಿದರೆ, ರೇಡಿಯೊ ಕಿರುಚಿದರೆ, ಫೋನ್ ವಿಚಿತ್ರವಾಗಿ ಹೊಡೆದುಕೊಂಡರೆ:
1. ಬಾಲ್ಕನಿಗೆ ಹೋಗಬೇಡ. ಕಿಟಕಿಯಿಂದ ನೋಡಬೇಡ.
2. ಒಲೆ ಆರಿಸು. ದೇವರ ದೀಪ ಆರಿಸು, ದೋಷವಿಲ್ಲ.
3. ಫೋನ್ ತಗೋ. ಸೂಟ್‌ಕೇಸ್ ಇಡುತ್ತಿದ್ದ ಕ್ಲಾಸೆಟ್‌ಗೆ ಹೋಗು, ಬಾಗಿಲು ಹಾಕಿಕೋ.
4. ಷೂ ಹಾಕಿಕೋ. ಹೆಲ್ಮೆಟ್ ಹಾಕಿಕೋ. ಸ್ಟೂಲ್ ಮೇಲೆ ಕೂತು ತಲೆ ಬಗ್ಗಿಸು. ದಿಂಬು, ರಜಾಯಿ ಮೇಲೆ ಎಳೆದುಕೋ.
5. ನಾವು ಫೋನ್ ಮಾಡಿ ಹೇಳುವವರೆಗೆ ಹೊರಗೆ ಬರಬೇಡ. ಸೈರನ್ ನಿಂತರೂ ಬರಬೇಡ.
6. ಪೆಟ್ಟಾದರೆ 911. "ಹೆಲ್ಪ್" ಅನ್ನು, ಆಮೇಲೆ ಕೆಳಗೆ ಕನ್ನಡ ಅಕ್ಷರದಲ್ಲಿ ಬರೆದಿರುವ ವಿಳಾಸ ಓದು ಅಥವಾ "ಕನ್ನಡ" ಅನ್ನು. ಫೋನ್ ಇಡಬೇಡ.

ಎರಡನೇ ಸಾಲಿನಲ್ಲಿ "ದೋಷವಿಲ್ಲ" ಎಂದು ಬರೆಯದಿದ್ದರೆ ಅವಳು ದೀಪ ಆರಿಸುತ್ತಿರಲಿಲ್ಲ. ಆರನೆಯದಕ್ಕೆ ವಿಳಾಸವನ್ನು ಇಂಗ್ಲಿಷಿನಲ್ಲೂ ಅದರ ಉಚ್ಚಾರಣೆಯನ್ನು ಕನ್ನಡದಲ್ಲೂ ಬರೆದಿದ್ದೇನೆ. 911ರವರು ದುಭಾಷಿಯನ್ನು ಫೋನಿನಲ್ಲಿ ಸೇರಿಸಿಕೊಳ್ಳುವ ವ್ಯವಸ್ಥೆ ಹಲವು ಕಡೆ ಇದೆ. ಭಾಷೆಯ ಹೆಸರು ತಿಳಿದರೆ ಅವರಿಗೆ ಅಷ್ಟು ಸಲೀಸು.

ರಸ್ತೆಯಲ್ಲಿ, ಅಂಗಡಿಯಲ್ಲಿ, ಸಂಘದ ಕಾರ್ಯಕ್ರಮದಲ್ಲಿ

ಗಾರ್ಲಂಡ್‌ನಲ್ಲಿ ಸತ್ತವರ ನೆನಪಿನಲ್ಲಿ ಇದನ್ನು ಹೇಳಲೇಬೇಕು: ವಾಚ್ ಇದ್ದ ರಾತ್ರಿ ಹೈವೇ ಹಿಡಿಯಬೇಡಿ. ಏರ್‌ಪೋರ್ಟಿಗೆ ಯಾರನ್ನೋ ಕರೆತರಬೇಕಿದ್ದರೆ ಅವರು ಎರಡು ಗಂಟೆ ಅಲ್ಲೇ ಕೂರಲಿ. ಕಾರಿನಲ್ಲಿದ್ದಾಗಲೇ ವಾರ್ನಿಂಗ್ ಬಂದರೆ ಹತ್ತಿರದ ಗಟ್ಟಿ ಕಟ್ಟಡ, ಪೆಟ್ರೋಲ್ ಬಂಕಿನ ಬಾತ್‌ರೂಮಾದರೂ ಸರಿ. ಮೇಲ್ಸೇತುವೆಯ ಕೆಳಗೆ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅಲ್ಲಿ ಗಾಳಿ ಕೊಳವೆಯಲ್ಲಿ ನುಗ್ಗಿದ ಹಾಗೆ ಇನ್ನೂ ಜೋರಾಗುತ್ತದೆ. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಹಾಗೆ ಸೇತುವೆ ಕೆಳಗೆ ನಿಂತವರು ಸತ್ತಿದ್ದಾರೆ. ಎಲ್ಲೂ ಹೋಗಲು ಆಗದಿದ್ದರೆ ಬೆಲ್ಟ್ ಹಾಕಿಕೊಂಡೇ ಕಿಟಕಿಗಿಂತ ಕೆಳಗೆ ತಲೆ ಬಗ್ಗಿಸಿ ಕೈಯಿಂದ ಮುಚ್ಚಿಕೊಳ್ಳಿ. ರಸ್ತೆಗಿಂತ ಚೆನ್ನಾಗಿ ತಗ್ಗಾದ ಹಳ್ಳ ಪಕ್ಕದಲ್ಲೇ ಇದ್ದರೆ ಅದರಲ್ಲಿ ಬೋರಲಾಗಿ ಮಲಗುವುದು ಇನ್ನೊಂದು ದಾರಿ. ಎರಡೂ ಕೊನೆಯ ಉಪಾಯಗಳೇ.

ದೊಡ್ಡ ಅಂಗಡಿಗಳ, ಶಾಲೆಯ ಆಡಿಟೋರಿಯಮ್ಮುಗಳ ಅಗಲ ಸೂರು ಗಾಳಿಗೆ ಬೇಗ ಸೋಲುತ್ತದೆ. ನಮ್ಮ ಸಂಕ್ರಾಂತಿ, ರಾಜ್ಯೋತ್ಸವ ನಡೆಯುವುದು ಇಂಥ ಸಭಾಂಗಣಗಳಲ್ಲೇ. ಸಂಘದವರು ಕಾರ್ಯಕ್ರಮದ ಮೊದಲಿಗೆ, ಪ್ರಾರ್ಥನೆ ಗೀತೆಗೂ ಮುಂಚೆ, "ಎಚ್ಚರಿಕೆ ಬಂದರೆ ಈ ಕಾರಿಡಾರು, ಈ ಬಾತ್‌ರೂಮು" ಎಂದು ಕನ್ನಡದಲ್ಲಿ ಅರ್ಧ ನಿಮಿಷ ಹೇಳಿದರೆ ಎಷ್ಟೋ ಉಪಕಾರ.

ಗಾಳಿ ದಾಟಿದ ಮೇಲೆ

ಷೂ ಹಾಕಿಕೊಂಡೇ ಹೊರಡಿ. ನೆಲಕ್ಕೆ ಬಿದ್ದ ತಂತಿಯಿಂದ ಕನಿಷ್ಠ 35 ಅಡಿ ದೂರ ಇರಿ, ಸತ್ತ ತಂತಿಯಂತೆ ಕಂಡರೂ ಸರಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು, ದೂರ ನಿಂತು ಫೋನ್ ಮಾಡಿ. ಊರಿಗೆ ಫೋನ್ ಹಚ್ಚುವ ಬದಲು ಒಂದು ಮೆಸೇಜ್ ಹಾಕಿ. ಕರೆ ಹೋಗದಿದ್ದಾಗಲೂ ಮೆಸೇಜ್ ಹೋಗುವ ಸಾಧ್ಯತೆ ಹೆಚ್ಚು, ಬ್ಯಾಟರಿಯೂ ಉಳಿಯುತ್ತದೆ. ಇಲ್ಲಿನ ಸುದ್ದಿ ಅಲ್ಲಿನ ಟಿವಿಯಲ್ಲಿ ಬರುವುದಕ್ಕೆ ಮುಂಚೆ "ಎಲ್ಲರೂ ಕ್ಷೇಮ" ಎಂಬ ಎರಡು ಮಾತು ತಲುಪಿದರೆ ಸಾಕು.

ಇನ್ನೊಂದು ಅರ್ಧ: ಕರೆಂಟಿಲ್ಲದ ಮನೆಗೆ ಇಳಿಯುವ ಥಂಡಿ

ಬೇಸಿಗೆಯ ಟೊರ್ನಾಡೊಗೂ ಚಳಿಗಾಲದ್ದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಸಂಜೆ ಅಂಗಿ ತೋಳು ಮಡಿಸಿಕೊಂಡು ಓಡಾಡುವಷ್ಟು ಸೆಕೆ. ಶೀತದ ಅಂಚು ದಾಟಿದ ಮೇಲೆ ಬೆಳಗಾಗುವುದರೊಳಗೆ ನೀರು ಹೆಪ್ಪುಗಟ್ಟುವ ಥಂಡಿ ಇಳಿಯಬಹುದು. ನಡುವೆ ಬೀಸಿದ ಗಾಳಿ ಕಂಬಗಳನ್ನು ಉರುಳಿಸಿರುತ್ತದೆ. ಟೊರ್ನಾಡೊ ನಮ್ಮ ಬೀದಿಗೆ ಬರದಿದ್ದರೂ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಹೀಟರ್ ನಿಲ್ಲುತ್ತದೆ.

2021ರ ಫೆಬ್ರವರಿಯ ಚಳಿಯನ್ನು ಟೆಕ್ಸಸ್‌ನ ಕನ್ನಡಿಗರು ಯಾರೂ ಮರೆತಿಲ್ಲ. 45 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಇರಲಿಲ್ಲ. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 246. ಹೆಚ್ಚಿನವರು ಚಳಿಗೆ ಸತ್ತರು. ಆದರೆ ಇನ್ನು ಕೆಲವರನ್ನು ಕೊಂದದ್ದು ಬೆಚ್ಚಗಾಗಲು ಮಾಡಿದ ಪ್ರಯತ್ನವೇ: ಮನೆಯೊಳಗಿನ ಇದ್ದಿಲ ಗ್ರಿಲ್, ಗರಾಜಿನಲ್ಲಿ ಓಡಿಸಿದ ಕಾರು, ಜನರೇಟರ್. ಇದರ ಬಗ್ಗೆ ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕು. ಊರಿನಲ್ಲಿ ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ರೂಢಿ ಇರುವವರು ಅವರು. ಅಲ್ಲಿ ಹೆಂಚಿನ ಸಂದಿಯಲ್ಲಿ, ಬಾಗಿಲ ಕೆಳಗೆ ಗಾಳಿ ಆಡುತ್ತಿತ್ತು. ಇಲ್ಲಿನ ಮನೆ ಡಬ್ಬಿಯಂತೆ ಬಿಗಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ, ಮಂಪರು, ಅಲ್ಲಿಗೆ ಮುಗಿಯಿತು. ಒಳಗೆ ಇದ್ದಿಲು ಬೇಡ, ಗ್ಯಾಸ್ ಒಲೆ ಹಚ್ಚಿಟ್ಟು ಮನೆ ಕಾಯಿಸುವುದು ಬೇಡ, ಜನರೇಟರ್ ಮನೆಯಿಂದ 20 ಅಡಿಯಾದರೂ ದೂರ, ಬಾಗಿಲು-ಕಿಟಕಿಯ ಕಡೆಗಲ್ಲ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಮಲಗುವ ಕೋಣೆಯ ಹೊರಗೆ ಇರಲೇಬೇಕು. ಕರೆಂಟ್ ಇದ್ದಾಗ ಪುಟ್ಟ ಹೀಟರ್ ಬಳಸುವುದಾದರೆ ಸೀರೆ, ಪರದೆ, ಹಾಸಿಗೆಯಿಂದ 3 ಅಡಿ ದೂರ, ನೇರ ಗೋಡೆಯ ಪ್ಲಗ್‌ಗೆ.

ಕರೆಂಟ್ ಹೋದ ಕೂಡಲೇ ಎಲ್ಲರೂ ಒಂದೇ ಕೋಣೆಗೆ ಬನ್ನಿ. ಬಾಗಿಲ ಕೆಳಗೆ ಟವೆಲ್ ಒತ್ತಿ, ಕಿಟಕಿಗೆ ಕಂಬಳಿ ಕಟ್ಟಿ. ಸೀರೆಯ ಮೇಲೊಂದು ಸ್ವೆಟರ್ ಸಾಲದು. ಒಳಗೆ ಥರ್ಮಲ್, ಕಾಲಿಗೆ ಉಣ್ಣೆಯ ಕಾಲುಚೀಲ, ತಲೆಗೆ ಟೋಪಿ. ಹಿರಿಯರ ಮಾತು ತೊದಲಿದರೆ, ಕೈ ಹಿಡಿತ ಸಡಿಲವಾದರೆ, ನಡುಗುವುದು ತಾನಾಗೇ ನಿಂತರೆ ಅದು ಸುಧಾರಣೆಯಲ್ಲ. 911ಕ್ಕೆ ಫೋನ್ ಮಾಡಿ.

ನಲ್ಲಿಗಳ ವಿಷಯ. ಹೊರಗೋಡೆಗೆ ಅಂಟಿದ ನಲ್ಲಿಗಳಲ್ಲಿ ಬಿಸಿ, ತಣ್ಣೀರು ಎರಡನ್ನೂ ಸಣ್ಣಗೆ ತೊಟ್ಟಿಕ್ಕಲು ಬಿಡಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಹೊರಗಿನ ನಲ್ಲಿಗೆ ಬಟ್ಟೆ ಸುತ್ತಿ. ಮನೆಯ ಮುಖ್ಯ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂಬುದನ್ನು ಬಿಸಿಲಿರುವಾಗಲೇ ನೋಡಿಟ್ಟುಕೊಳ್ಳಿ. ಪೈಪ್ ಒಡೆಯುವುದು ಹೆಪ್ಪುಗಟ್ಟಿದಾಗ, ಆದರೆ ನೀರು ಚಿಮ್ಮುವುದು ಅದು ಕರಗಿದಾಗ. ಆ ಹೊತ್ತಿಗೆ ವಾಲ್ವ್ ಹುಡುಕುತ್ತಾ ನಿಂತರೆ ಮನೆ ಕೆರೆಯಾಗುತ್ತದೆ.

ಊಟಕ್ಕೆ ನಮ್ಮ ಅಡುಗೆಮನೆಯೇ ಸಾಕು. ಎಲೆಕ್ಟ್ರಿಕ್ ಒಲೆ ಸತ್ತು ಕೂತಾಗ ಅವಲಕ್ಕಿಗೆ ಒಲೆ ಬೇಕಿಲ್ಲ. ಪೇಪರ್ ಅವಲಕ್ಕಿಗೆ ಚಟ್ನಿಪುಡಿ, ಎಣ್ಣೆ, ಈರುಳ್ಳಿ. ದಪ್ಪ ಅವಲಕ್ಕಿ ನೆನೆಸಿ ಮೊಸರು. ಮಂಡಕ್ಕಿ, ಹುರಿಗಡಲೆ, ಶೇಂಗಾ, ಬೆಲ್ಲ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್‌ನಂತೆ ಮೂರು ದಿನದ ನೀರು. ಬಾಗಿಲು ತೆಗೆಯದಿದ್ದರೆ ಫ್ರಿಜ್ 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಂಪು ಹಿಡಿಯುತ್ತದೆ. ಅದಾದ ಮೇಲೆ ಸಾರು, ಪಲ್ಯ, ಹಾಲು ಎಷ್ಟೇ ಚೆನ್ನಾಗಿ ಕಂಡರೂ ಚೆಲ್ಲಿಬಿಡಿ. ಫ್ರಿಜ್‌ನಲ್ಲಿಟ್ಟ ಇನ್ಸುಲಿನ್ ಇದ್ದರೆ ಐಸ್‌ಪ್ಯಾಕ್ ಇರುವ ಚೀಲದಲ್ಲಿ, ಐಸಿಗೆ ನೇರ ತಾಗದ ಹಾಗೆ ಇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಇಳಿದು ನಡೆಯಬೇಡಿ. ಗಂಟೆಗೆ 35 ಮೈಲಿ ಮೀರಿದ ಗಾಳಿಯಲ್ಲಿ ಕಾಲು ಮೈಲಿಗಿಂತ ಕಡಿಮೆ ಕಣ್ಣು ಕಾಣುವ ಸ್ಥಿತಿ ಮೂರು ಗಂಟೆ ಇದ್ದರೆ ಅದನ್ನೇ ಬ್ಲಿಝರ್ಡ್ ಎನ್ನುವುದು. ಅದರಲ್ಲಿ ನಾಲ್ಕು ಹೆಜ್ಜೆಗೆ ದಿಕ್ಕು ತಪ್ಪುತ್ತದೆ. 2022ರ ಕ್ರಿಸ್‌ಮಸ್ ಹೊತ್ತಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೊ ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನೊಳಗೆ, ಕೆಲವರು ರಸ್ತೆಯ ಹಿಮದಲ್ಲಿ ಸಿಕ್ಕರು. ಕಾರಿನಲ್ಲೇ ಕೂತು ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ. ಓಡಿಸುವ ಮೊದಲು ಪ್ರತಿ ಸಲ ಇಳಿದು ಹೊಗೆ ಕೊಳವೆಯ ಸುತ್ತಲಿನ ಹಿಮ ಬಿಡಿಸಿ, ಗಾಳಿ ಬೀಸದ ಕಡೆಯ ಕಿಟಕಿ ಒಂದು ಬೆರಳಷ್ಟು ಇಳಿಸಿ. ಡಿಕ್ಕಿಯಲ್ಲಿ ಕಂಬಳಿ, ನೀರು, ಶೇಂಗಾ ಚಿಕ್ಕಿ ಇರಲಿ. ಚಳಿಗಾಲ ಮುಗಿಯುವವರೆಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಡಲ್ಲಾಸ್ ರಸ್ತೆಯಲ್ಲಿ ಹಿಮಕ್ಕಿಂತ ಕಾಣದ ಐಸ್ ಹೆಚ್ಚು ಮೋಸಗಾರ, ಅದರಲ್ಲೂ ಸೇತುವೆಗಳ ಮೇಲೆ. ಅಲ್ಲಿ ಕೆಳಗಿನಿಂದಲೂ ಗಾಳಿ ಆಡುವುದರಿಂದ ಮೊದಲು ಹೆಪ್ಪುಗಟ್ಟುತ್ತದೆ.

ಕಾಗದಪತ್ರ

ಪಾಸ್‌ಪೋರ್ಟ್, ವೀಸಾ, ಐ-797 (ವೀಸಾ ಅರ್ಜಿಯ ಮಂಜೂರಾತಿ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ), ಮಕ್ಕಳ ಜನನ ಪತ್ರ, ಹಿರಿಯರ ಟ್ರಾವೆಲ್ ಇನ್ಶೂರೆನ್ಸ್, ಔಷಧಿ ಚೀಟಿ: ಎಲ್ಲದರ ಫೋಟೊ ತೆಗೆದು ಆನ್‌ಲೈನಿನಲ್ಲಿ ಇಡಿ, ಮೂಲಪ್ರತಿ ನೀರು ಇಳಿಯದ ಚೀಲದಲ್ಲಿ ಹಾಕಿ ಅದೇ ಕ್ಲಾಸೆಟ್‌ನ ಬಕೆಟ್ಟಿನಲ್ಲಿಡಿ. ಟೆಕ್ಸಸ್‌ನಲ್ಲಿ ಪಾಸ್‌ಪೋರ್ಟ್ ಹಾಳಾದರೆ ಹ್ಯೂಸ್ಟನ್‌ನ ಭಾರತೀಯ ದೂತಾವಾಸ ಕಚೇರಿಯ ವ್ಯಾಪ್ತಿಯಲ್ಲಿ ಅರ್ಜಿ ಹಾಕಬೇಕಾಗುತ್ತದೆ, ನಕಲು ಇದ್ದರೆ ಕೆಲಸ ಸಲೀಸು. ಬಾಡಿಗೆ ಮನೆಯವರು ರೆಂಟರ್ಸ್ ಇನ್ಶೂರೆನ್ಸ್ ಮಾಡಿಸಿ, ಮನೆಯ ಪ್ರತಿ ಕೋಣೆಯನ್ನೂ ಒಂದು ಸಲ ವಿಡಿಯೊ ಮಾಡಿಟ್ಟುಕೊಳ್ಳಿ.

ಒಂದು ಸಲ ಮಾಡಿ ನೋಡಿ

ಡಲ್ಲಾಸ್, ಪ್ಲೇನೊ, ಫ್ರಿಸ್ಕೊ ಊರುಗಳಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಸೈರನ್ ಪರೀಕ್ಷೆ ಮಾಡುತ್ತಾರೆ. ಹವಾ ಕೆಟ್ಟಿದ್ದರೆ ಮಾಡುವುದಿಲ್ಲ, ಜನರಿಗೆ ಗೊಂದಲವಾಗಬಾರದೆಂದು. ಆ ಹೊತ್ತನ್ನೇ ಅಭ್ಯಾಸಕ್ಕೆ ಬಳಸಿಕೊಳ್ಳಿ. ನಾನು ಆಫೀಸಿನಿಂದ ಫೋನ್ ಹಚ್ಚಿ, ಅಮ್ಮ ಅಡುಗೆಮನೆಯಿಂದ ಕ್ಲಾಸೆಟ್‌ಗೆ ಹೋಗಿ ಹೆಲ್ಮೆಟ್ ಹಾಕಿಕೊಳ್ಳುವವರೆಗೆ ಗಡಿಯಾರ ನೋಡಿದೆ. ಮೊದಲ ಸಲ ನಾಲ್ಕು ನಿಮಿಷ. ಹೆಲ್ಮೆಟ್ಟಿನ ಪಟ್ಟಿ ತುರುಬಿಗೆ ಸಿಕ್ಕಿಕೊಳ್ಳುತ್ತಿತ್ತು. ಪಟ್ಟಿ ಸಡಿಲಿಸಿ ಅಳತೆ ಸರಿಮಾಡಿದ ಮೇಲೆ ಎರಡನೇ ತಿಂಗಳು ಒಂದೂವರೆ ನಿಮಿಷ.

ಆ ಸಂಜೆ ಮನೆಗೆ ಬಂದಾಗ ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ನಾನು ಬರೆಯದ ಒಂದು ಸಾಲಿತ್ತು. ಅಮ್ಮನ ದುಂಡು ಅಕ್ಷರ, ಅಡುಗೆ ಲೆಕ್ಕ ಬರೆಯುವ ನೀಲಿ ಪೆನ್ನು: "7. ಕನ್ನಡಕ. ಹಳೇದು ಒಂದು ಬಕೆಟ್ಟಿನಲ್ಲಿ ಇಟ್ಟಿದೀನಿ."